ಹಾಳುಬಾವಿಯ ಹತ್ತಿರ ನಿಂತುಹೋದ ಕಥೆ

ಯೇಸುಸ್ವಾಮಿಯನ್ನು ನಂಬಿರುವ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ಮಲ್ಲಿಪಟ್ಟಣದ ಕಡೆಯ ಸಾರಮ್ಮ ಮಾಡುವ ವಂದನೆಗಳು. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ನನ್ನ ಅಕ್ಷರ ದಪ್ಪ, ಸಾಲು ಸೊಟ್ಟ. ಸೊಸೆ ಶಾಂತಿ ತಪ್ಪು ತಿದ್ದಿಕೊಡುತ್ತೇನೆ ಅಂದಿದ್ದಾಳೆ. ಬರೆಯಲು ಕುಳಿತಾಗಿನಿಂದ ಸಂತೋಷ ತಡೆಯಲಾಗದೆ ಎದ್ದು ಎದ್ದು ಅಂಗಳ ನೋಡಿ ಬರುತ್ತಿದ್ದೇನೆ. ಆದರೆ ಸಂತೋಷ ಆಮೇಲೆ. ಮೊದಲು ಕಷ್ಟವನ್ನೇ ಬರೆಯುತ್ತೇನೆ.

ಹೋದ ವರ್ಷ ಬಿತ್ತನೆ ಆಲೂಗಡ್ಡೆ ಕೊಯ್ಯುವ ಕಾಲ. ಸ್ಕೂಲು ಆಗತಾನೆ ಶುರುವಾಗಿತ್ತು. ನಾನು ಪಕ್ಕದ ಮನೆಯವರ ಜಗುಲಿಯಲ್ಲಿ ಕೂತು, ಒಂದೊಂದು ಹೋಳಿಗೂ ಒಂದು ಕಣ್ಣು ಬರುವ ಹಾಗೆ ಗೆಡ್ಡೆ ಕೊಯ್ಯುತ್ತಿದ್ದೆ. ನನ್ನ ಮಗ ಸುಧಾಕರನ ಮಗಳು ಹನ್ನಾಳಿಗೆ ಆಗ ಏಳು ವರ್ಷ. ನಮ್ಮ ಕಡೆ ಯಾರ ಬಾಯಲ್ಲೂ ‘ಹ’ ನಿಲ್ಲುವುದಿಲ್ಲ. ಬೀದಿಯವರೆಲ್ಲ ಅವಳನ್ನು ಅನ್ನಾ ಅನ್ನುತ್ತಾರೆ. ‘ಅನ್ನಾ, ಅನ್ನ ಉಂಡ್ಯೇನವ್ವ’ ಅಂತ ಕೇಳುವುದು, ಅವಳು ಮೂಗು ಊದಿಸಿಕೊಂಡು ಓಡಿಹೋಗುವುದು, ದಿನಾ ಇದೇ. ಅವತ್ತು ಯೂನಿಫಾರ್ಮು ಹಾಕಿಕೊಂಡು ಹೊಸಿಲು ದಾಟಿದವಳು ಹಾಗೇ ಕುಸಿದು ಕೂತಳು. ಅಳಲಿಲ್ಲ. ನನ್ನನ್ನೇ ನೋಡಿ ಅಂದಳು:

“ಅಜ್ಜಿ, ಕಾಲು ನನ್ ಮಾತು ಕೇಳ್ತಿಲ್ಲ.”

ನಮ್ಮ ಯಜಮಾನರು ನಕ್ಕರು. “ಸ್ಕೂಲ್ ತಪ್ಸಕೆ ಒಸ ಆಟ ಕಣೇ ಇದು. ನಾನೂ ಆಡಿದ್ದೆ, ನಮ್ಮಪ್ಪ ಉಣ್ಸೆ ಬರ್ಲಲ್ಲಿ ಔಸ್ದಿ ಕೊಟ್ಟ.” ಅವರೇ ಹೋಗಿ ಎತ್ತಿ ನಿಲ್ಲಿಸಿದರು. ಮಗು ಬಟ್ಟೆಯ ಗೊಂಬೆಯಂತೆ ಜಾರಿತು. ಅವರ ನಗು ಅಲ್ಲೇ ನಿಂತಿತು.

ಸಂಜೆಗೆ ಕೈಯಲ್ಲಿ ಲೋಟ ನಿಲ್ಲಲಿಲ್ಲ. ಸುಧಾಕರ ತನ್ನ ಗೂಡ್ಸ್ ಆಟೋದಲ್ಲೇ ಅರಕಲಗೂಡಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಮಂಡಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರು. ಕಾಲು ಎಗರಲಿಲ್ಲ. ಅವರು ಕುರ್ಚಿಯಿಂದ ಎದ್ದೇ ಬಿಟ್ಟರಂತೆ, ಈಗಲೇ ಹಾಸನಕ್ಕೆ ಹೊರಡಿ ಅಂದರಂತೆ. ಆಂಬುಲೆನ್ಸಿನಲ್ಲಿ ಅಪ್ಪ ಅಮ್ಮ ಹೋದರು. ನಾನು ಮರುದಿನ ಬೆಳಗಿನ ಬಸ್ಸಿಗೆ ಬಟ್ಟೆಗಂಟು ಕಟ್ಟಿಕೊಂಡು ಹೊರಟೆ. ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿದ್ದು ನೆನಪಿದೆ. ದಾರಿ ಮಾತ್ರ ಒಂದಿಷ್ಟೂ ನೆನಪಿಲ್ಲ.

ಹಾಸನದ ದೊಡ್ಡಾಸ್ಪತ್ರೆಗೆ ನಾನು ಹೋಗುವ ಹೊತ್ತಿಗೆ ಮಗುವನ್ನು ಗಾಜಿನ ಬಾಗಿಲಿನ ವಾರ್ಡಿಗೆ ಸೇರಿಸಿದ್ದರು. ನಿತ್ರಾಣ ಕಾಲಿನಿಂದ ಕೈಗೆ, ಕೈಯಿಂದ ಎದೆಗೆ ಹತ್ತಿ ಉಸಿರೆಳೆಯುವ ಶಕ್ತಿಯೂ ಹೋಗಿತ್ತು. ಬಾಯಲ್ಲಿ ಕೊಳವೆ ಇಟ್ಟು ಮೆಷಿನ್ನು ಉಸಿರಾಡಿಸುತ್ತಿತ್ತು. ಡಾಕ್ಟರು ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪಾಪ, ನನ್ನ ಪಕ್ಕ ಬೆಂಚಿನ ಮೇಲೇ ಕೂತು ಹೇಳಿದರು.

“ಅಜ್ಜಿ, ರೋಗ ಓಡಿಸೋಕೆ ನಮ್ಮ ಮೈಯೊಳಗೇ ಕಾವಲಿನವರು ಇರ್ತಾರೆ. ಮಗೂಗೆ ಮುಂಚೆ ಭೇದಿ, ಜ್ವರ ಬಂದಿತ್ತಂತಲ್ಲ, ಅದನ್ನ ಓಡಿಸೋಕೆ ಎದ್ದವರು ಅದು ಹೋದ ಮೇಲೂ ಕೋಲು ಕೆಳಗಿಡಲಿಲ್ಲ. ಈಗ ಅವಳ ನರಗಳನ್ನೇ ಕಳ್ಳರು ಅಂದ್ಕೊಂಡು ಹೊಡೀತಿದ್ದಾರೆ.”

“ಯಾರ್ ತಪ್ಪವ್ವ ಇದು?”

“ಯಾರದ್ದೂ ಅಲ್ಲ. ಹೀಗೂ ಆಗತ್ತೆ. ಎಷ್ಟೋ ಮಕ್ಕಳು ಎದ್ದು ನಡೀತಾರೆ. ಆದ್ರೆ ಉಸಿರಿನ ತನಕ ಬಂದಿದೆ, ಈಗ್ಲೇ ಏನೂ ಹೇಳಲಾರೆ.”

ಯಾರದ್ದೂ ಅಲ್ಲ ಅಂತ ಡಾಕ್ಟರು ಅಂದರು. ಜನ ಹಾಗೆ ಬಿಡುತ್ತಾರಾ? ನಮ್ಮ ಸಭೆಯ ಒಬ್ಬ ಅಕ್ಕ ಫೋನು ಮಾಡಿದರು. ಹೆಸರು ಬರೆಯುವುದಿಲ್ಲ. ಅವರು ಒಳ್ಳೆಯವರೇ. ನನಗೆ ಫೋನನ್ನು ಕಿವಿಗಿಟ್ಟುಕೊಂಡು ಮಾತಾಡಿ ಅಭ್ಯಾಸವಿಲ್ಲ, ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಇಡುತ್ತೇನೆ. ಹಾಗಾಗಿ ಶಾಂತಿಯೂ ಕೇಳಿಸಿಕೊಂಡಳು.

“ಸಾರಮ್ಮಾ, ತಪ್ ತಿಳೀಬ್ಯಾಡ. ದೇವ್ರು ಸುಮ್ ಸುಮ್ನೆ ಒಡೆಯಾಕಿಲ್ಲ. ದಾವೀದರಾಯ ತಪ್ ಮಾಡ್ದಾಗ ಅವ್ನ ಅಸಗೂಸು ಓಗ್ಲಿಲ್ವಾ? ನಿಮ್ಮನೇಲಿ ಯಾರೋ ಏನೋ ಮುಚ್ಚಿಟ್ಟವ್ರೆ. ಎಲ್ರೂ ಕೂತು ಅರಿಕೆ ಮಾಡ್ಕಳಿ, ಕೂಸು ಉಳೀತದೆ.”

ಶಾಂತಿ ಆ ಹೊತ್ತಿನಿಂದ ತನ್ನನ್ನೇ ಬಗೆಯಲು ಶುರುಮಾಡಿದಳು. ಅವಳ ತವರು ಹಿರೀಸಾವೆ. ರಜದಲ್ಲಿ ಮಗುವನ್ನು ಕರೆದುಕೊಂಡು ಹೋದವಳು ಬಸ್ಸಿಳಿದು ಹೈವೇ ಪಕ್ಕದಲ್ಲಿ ಹೆಚ್ಚಿಟ್ಟ ಕಲ್ಲಂಗಡಿ ಹಣ್ಣು ಕೊಡಿಸಿದ್ದಳಂತೆ. ಆಮೇಲೆ ಭೇದಿಯಾದದ್ದು.

“ಅದ್ರ ಮ್ಯಾಲೆ ನೊಣ ಕೂತಿತ್ತು ಅತ್ತೆ. ನಾನ್ ನೋಡ್ದೆ. ಬಿಸ್ಲಲ್ಲಿ ಮಗು ಕೇಳ್ತು ಅಂತ ಕೊಡಿಸ್ಬುಟ್ಟೆ. ನಾನೇ ಅತ್ತೆ, ನಾನೇ ಮಾಡಿದ್ದು.” ದಿನಕ್ಕೆ ಎಷ್ಟು ಸಲ ಹೇಳಿದಳೋ. ಬಾಯಾರಿದ ಮಗುವಿಗೆ ಹಣ್ಣು ಕೊಡಿಸಿದ್ದು ಪಾಪವಾ ಹೇಳಿ? ಅವಳ ಕಣ್ಣು ಗುಳಿಬಿದ್ದವು. ಅನ್ನದ ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುವಳು. ಒಳಗೆ ಮಗು, ಹೊರಗೆ ಇವಳು. ಎರಡನ್ನೂ ಕಳೆದುಕೊಳ್ಳುತ್ತೇನೆ ಅನ್ನಿಸಿತು ನನಗೆ.

ನನ್ನ ಕೋಪ ಬೇರೆ ಕಡೆ ತಿರುಗಿತು. ನಾನು ಸಂಡೇ ಸ್ಕೂಲಿನ ಮಕ್ಕಳಿಗೆ ಬಾಯಲ್ಲೇ ಕಥೆ ಹೇಳುವವಳು. ಓದಿ ಹೇಳುವಷ್ಟು ಓದು ನನಗಿಲ್ಲ, ಕೇಳಿ ಕೇಳಿ ಕಲಿತದ್ದು. ಆ ಬೆಂಚಿನ ಮೇಲೆ ಕೂತು ಯೋಚಿಸಿದೆ. ದಾವೀದನ ಆ ಕೂಸು ಯಾರಿಗೆ ಏನು ಮಾಡಿತ್ತು? ಹೇಬೆಲ ಮಂದೆಯಲ್ಲೇ ಚೆನ್ನಾಗಿರುವ ಕುರಿಯನ್ನು ದೇವರಿಗೆ ಕೊಟ್ಟ, ಅಣ್ಣನ ಕೈಯಲ್ಲಿ ಸತ್ತವನೂ ಅವನೇ. ಬೇತ್ಲೆಹೇಮಿನಲ್ಲಿ ಹೆರೋದರಾಜನ ಸಿಪಾಯಿಗಳು ಹೊಸಿಲು ಹೊಸಿಲು ಹೊಕ್ಕು ಕೂಸುಗಳನ್ನು ಕೊಂದರು. ಕ್ರಿಸ್ಮಸ್ ನಾಟಕಕ್ಕೆ ಆ ಹೆರೋದನ ಕಿರೀಟಕ್ಕೆ ಬಣ್ಣದ ಕಾಗದ ಅಂಟಿಸಿಕೊಟ್ಟವಳು ನಾನು. ಆ ತಾಯಂದಿರ ಮುಖ ನನ್ನ ಕಣ್ಣಿಗೆ ಬಂದದ್ದು ಹಾಸನದ ಆಸ್ಪತ್ರೆಯಲ್ಲಿ. ‘ಸ್ವಾಮಿ, ನೀನು ನ್ಯಾಯವಂತ ಅಂತ ಮಕ್ಕಳಿಗೆ ಹೇಳಿಕೊಟ್ಟಿದ್ದೀನಿ. ನನ್ನನ್ನ ಸುಳ್ಳಿ ಮಾಡಬೇಡ’ ಅಂತ ಗಾಜಿನ ಬಾಗಿಲು ನೋಡಿಕೊಂಡು ಕೇಳಿದೆ. ಅದನ್ನು ಪ್ರಾರ್ಥನೆ ಅನ್ನಬೇಕೋ ಜಗಳ ಅನ್ನಬೇಕೋ ಗೊತ್ತಿಲ್ಲ.

ಅಲ್ಲೇ ನನಗೆ ಗೌರಮ್ಮ ಸಿಕ್ಕಿದ್ದು. ಹೊಳೆನರಸೀಪುರದ ಕಡೆ ಹರದನಹಳ್ಳಿಯ ಗೌಡರ ಮನೆಯವರು, ನನ್ನ ವಯಸ್ಸಿನವರೇ. ಅವರ ಮಗಳು ಲತಾಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದಾರೆ. ಲತಾಳ ಮಗ ಮನು, ಐದು ವರ್ಷದವನು, ರಜಕ್ಕೆ ಅಜ್ಜಿ ಮನೆಗೆ ಬಂದು ಅಲ್ಲೇ ಉಳಿದಿದ್ದಾಗ ಡೆಂಗ್ಯೂ ಜ್ವರ ಹಿಡಿದು ಇದೇ ವಾರ್ಡಿನಲ್ಲಿ ಹನ್ನಾಳ ಪಕ್ಕದ ಮಂಚದಲ್ಲಿದ್ದ. ಗೌರಮ್ಮ ಬಂದ ಮೊದಲ ದಿನವೇ ಚಾಪೆ ಹಾಸಿಕೊಂಡು ನನಗೆ ಅಂದರು:

“ಅಕ್ಕಾ, ವಸಿ ಜರುಗ್ರಿ. ಗ್ವಾಡೆ ನೀವೊಬ್ರೇ ಕಟ್ಸಿದ್ದಾ?”

“ಬನ್ನಿ ಬನ್ನಿ, ಒರಗೋಕೆ ಇಬ್ರಿಗೂ ಸಾಕು.”

“ಒರಗಾಕಲ್ಲ ಕಣಕ್ಕ. ಆ ಸೆಕ್ಯೂರಿಟಿಯವ್ನ ಕಣ್ಗೆ ಕಾಣ್ದಂಗೆ ಎಲೆಅಡ್ಕೆ ಆಕ್ಬೇಕು. ಬಂದಾಗ್ಲಿಂದ ನನ್ ಬಾಯ್ನೇ ನೋಡ್ತಾವ್ನೆ, ನನ್ ಗಂಡನೂ ಅಂಗ್ ನೋಡ್ಲಿಲ್ಲ.”

ಎಷ್ಟು ದಿನದ ಮೇಲೋ ನಾನು ನಕ್ಕೆ. ಅವರಿಗೂ ನನ್ನ ಹಾಗೇ ಮಾತಿನ ಏಟು ಬೀಳುತ್ತಿತ್ತು. ಮನುವಿನ ಇನ್ನೊಂದು ಅಜ್ಜಿ, ಚನ್ನರಾಯಪಟ್ಟಣದ ಬೀಗಿತ್ತಿ, ಬಂದಾಗಲೆಲ್ಲ ‘ನಮ್ ಮನೇಲಿದ್ದಾಗ ಒಂದ್ ಸೀನಿರ್ಲಿಲ್ಲ, ನಿಮ್ ಅಟ್ಟಿಗೆ ಬಂದು ಇಂಗಾಯ್ತು’ ಅನ್ನುವರು. ಗೌರಮ್ಮ ತಲೆ ತಗ್ಗಿಸಿಕೊಂಡು ಕೇಳಿಸಿಕೊಳ್ಳುವರು.

ಒಂದು ಮಧ್ಯಾಹ್ನ ಗೌರಮ್ಮ ಕೇಳಿದರು. “ಒತ್ತೇ ಓಗ್ತಿಲ್ಲ. ನೀವು ಮಕ್ಳಿಗೆ ಕತೆ ಏಳ್ತೀರಂತಲ್ಲ, ಒಂದ್ ಏಳಿ. ನಾನ್ ಊಂ ಅಂತೀನಿ.”

ಈಗಿನ ಮಕ್ಕಳಿಗೆ ಗೊತ್ತೋ ಇಲ್ಲವೋ. ನಮ್ಮಲ್ಲಿ ಕಥೆಗೆ ಕೇಳುವವರು ಒಬ್ಬರು ಹೂಂಗುಟ್ಟಲೇಬೇಕು. ಹೂಂ ಅಂದರೆ ಕಥೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹೂಂ ನಿಂತರೆ ಹೇಳುವವರು ನಿಲ್ಲಿಸಬೇಕು, ಇಲ್ಲದಿದ್ದರೆ ಕಥೆ ದಾರಿ ತಪ್ಪಿ ಅಲೆಯುತ್ತದೆ ಅಂತ ನಮ್ಮವ್ವ ಹೇಳುತ್ತಿದ್ದಳು. ನಾನು ಸಂಡೇ ಸ್ಕೂಲಿನಲ್ಲೂ ಹಾಗೇ ಹೇಳುವುದು. ಅಲ್ಲಿ ಹನ್ನಾ ಎಲ್ಲರಿಗಿಂತ ಜೋರಾಗಿ ಹೂಂ ಅನ್ನುವವಳು.

ಗೌರಮ್ಮನಿಗೆ ಯಾವ ತಪ್ಪೂ ಮಾಡದ ಯೋಬನ ಕಥೆ ಹೇಳಿದೆ. ಕುರಿ, ಒಂಟೆ, ಎತ್ತು, ಆಳುಕಾಳು. “ಊಂ.” ಒಂದೇ ದಿನದಲ್ಲಿ ಎಲ್ಲ ಹೋಯಿತು. “ಊಂ.” ಮಕ್ಕಳೆಲ್ಲ ಸೇರಿ ಊಟಕ್ಕೆ ಕೂತಿದ್ದ ಮನೆ ಬಿರುಗಾಳಿಗೆ ಬಿತ್ತು, ಒಂದೂ ಉಳಿಯಲಿಲ್ಲ. ಆಗ ಹೂಂ ಬಂತು, ಬಹಳ ಸಣ್ಣಗೆ. ಯೋಬ ಬೂದಿಯಲ್ಲಿ ಕೂತ, ಸ್ನೇಹಿತರು ಬಂದು ನೀನೇ ಏನೋ ಪಾಪ ಮಾಡಿರಬೇಕು ಅಂದರು ಅನ್ನುವಾಗ ಗೌರಮ್ಮ ತಡೆಯಲಾರದೆ, “ಅಯ್, ನಮ್ ಬೀಗಿತ್ತಿ ಆಗ್ಲೇ ಇದ್ಲಾ!” ಅಂದುಬಿಟ್ಟರು. ಸೆಕ್ಯೂರಿಟಿಯವನು ಬಂದು ಬೈದು ಹೋದ.

ಕಡೆಗೆ ಹೇಳಿದೆ. ದೇವರು ಯೋಬನಿಗೆ ಹೋದದ್ದೆಲ್ಲ ಎರಡರಷ್ಟು ಕೊಟ್ಟ. ತಿರುಗಿ ಮಕ್ಕಳನ್ನೂ ಕೊಟ್ಟ. ಅವನು ಸುಖವಾಗಿ ಬಾಳಿದ.

ಹೂಂ ಬರಲಿಲ್ಲ.

“ಊಂ ಅನ್ನಕ್ಕ, ಮುಗೀತು.”

“ಇದ್ಕೆ ಅನ್ನಾಕಿಲ್ಲ. ಕುರಿ ಓದ್ರೆ ಕುರಿ ಕೊಡ್ಬೋದು. ಕೂಸು ಓದ್ರೆ ಇನ್ನೊಂದ್ ಕೂಸು ಕೊಟ್ರೆ ಸರಿ ಓಯ್ತದಾ? ಮೊದ್ಲಿನವು ಏನಾದ್ವು? ಅವ್ರವ್ವ ಅವುಗಳ ಎಸ್ರು ಮರ್ತ್ಲಾ?”

ಇಷ್ಟು ವರ್ಷದಿಂದ ಆ ಕಥೆ ಹೇಳುತ್ತಿದ್ದೇನೆ. ಯಾವ ಮಗುವೂ ನನಗಿದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಕಥೆ ಹಾಗೇ ಉಳಿಯಿತು.

ಮಾರನೇ ದಿನ ನಮ್ಮ ಪಾಸ್ಟರ್ ಅಯ್ಯನವರು ಬೈಕಿನಲ್ಲಿ ಬಂದರು. ಪ್ರಾರ್ಥನೆ ಮಾಡಿದ ಮೇಲೆ ಗೌರಮ್ಮನ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಗೊತ್ತಿಲ್ಲ ಸಾರಮ್ಮ. ಗೊತ್ತು ಅಂದ್ರೆ ನಾನೂ ಯೋಬನ ಸ್ನೇಹಿತರ ಜೊತೆ ಹೋಗಿ ಕೂರಬೇಕಾಗುತ್ತೆ” ಅಂದರು. ಆಮೇಲೆ ಶಾಂತಿಯ ಕಡೆ ತಿರುಗಿ ಹೇಳಿದರು. “ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಇದೇ ಅಲ್ವೇನಮ್ಮ? ಇವನ ಪಾಪವೋ, ಇವನ ತಾಯಿತಂದೆಯ ಪಾಪವೋ ಅಂತ. ಇಬ್ಬರದೂ ಅಲ್ಲ ಅಂದ್ರು ಸ್ವಾಮಿ. ಯೋಬ ದೇವರ ಮೇಲೆ ಅಷ್ಟೊಂದು ಕೂಗಾಡಿದ. ಆದರೂ ಕೊನೆಗೆ ದೇವರಿಗೆ ಸಿಟ್ಟು ಬಂದದ್ದು ತಪ್ಪು ಹುಡುಕಿದ ಸ್ನೇಹಿತರ ಮೇಲೆ. ನೀನು ಕೊಡಿಸಿದ್ದು ಹಣ್ಣು. ಊಟ ಮಾಡು, ಏಳು.”

ಶಾಂತಿ ಅವತ್ತು ಎರಡು ತುತ್ತು ತಿಂದಳು. ನನಗದೇ ದೊಡ್ಡ ಹಬ್ಬ.

ಆದರೆ ಅದಾದ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ಮನು ಹೋಗಿಬಿಟ್ಟ.

ಅದನ್ನು ಹೆಚ್ಚು ಬರೆಯಲಾರೆ. ಲತಾ ಬಾಯಿ ಬಿಟ್ಟು ಅಳಲೂ ಇಲ್ಲ, ಗೋಡೆಗೆ ಹಣೆ ಒತ್ತಿ ನಿಂತಳು. ಬೀಗಿತ್ತಿ ಎಲ್ಲರೆದುರಿಗೇ ಗೌರಮ್ಮನನ್ನು ನೋಡಿ, “ಈಗ ತೃಪ್ತಿಯಾಯ್ತಾ?” ಅಂದರು. ಪಾಪ, ಅವರದೂ ಸುಡುವ ಹೊಟ್ಟೆಯೇ. ಗೌರಮ್ಮ ತಮ್ಮ ಚಾಪೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು. “ಇಟ್ಕಳಕ್ಕ. ನೆಲ ತಣ್ಣಗದೆ, ನಿನ್ ಮಂಡಿ ಇಡ್ಕತದೆ.” ಅಷ್ಟೇ. ಚನ್ನರಾಯಪಟ್ಟಣಕ್ಕೆ ಹೋಗುವ ವ್ಯಾನು ಕೆಳಗೆ ಕಾಯುತ್ತಿತ್ತು.

ನಾನು ಆ ಚಾಪೆಯ ಮೇಲೆ ಕೂತೆ. ಪ್ರಾರ್ಥನೆಗೆ ನಾಲಿಗೆ ಏಳಲಿಲ್ಲ. ನಮ್ಮ ಮಗು ಇನ್ನೂ ಉಸಿರಾಡುತ್ತಿದೆ, ಸ್ತೋತ್ರ ಅನ್ನಲಾ? ಹಾಗಂದರೆ ಗೌರಮ್ಮನ ಬೆನ್ನಿಗೆ ಕಲ್ಲು ಹೊಡೆದಂತೆ. ಅವರೂ ಕೈ ಮುಗಿದಿದ್ದರು, ನಾನೂ ಮುಗಿದಿದ್ದೆ. ಆ ಮಗುವೂ ಮಗುವೇ. ಸಿಟ್ಟಿಗಿಂತ ಕೆಟ್ಟದ್ದು ಬಂದು ನನ್ನೊಳಗೆ ಕೂತಿತು. ಏನೂ ಕೇಳಬಾರದು, ಏನೂ ಹೇಳಬಾರದು ಅನ್ನುವ ಬೇಸರ ಅದು.

ಅದೇ ದಿನ ಮಧ್ಯಾಹ್ನ ಒಳಗೆ ಹೋಗುವ ಸರದಿ ನನ್ನದು. ಶಾಂತಿಗೆ ಎದ್ದು ನಿಲ್ಲಲೂ ಆಗಿರಲಿಲ್ಲ. ಪಕ್ಕದ ಮಂಚ ಖಾಲಿ. ಹೊಸ ಬೆಡ್‌ಶೀಟು ಹಾಸಿದ್ದರು. ನಾನು ಅತ್ತ ನೋಡದೆ ಹನ್ನಾಳ ಹತ್ತಿರ ನಿಂತೆ. ಅವಳ ಮುಖವೂ ಸೋತಿತ್ತು. ರೆಪ್ಪೆ ಅರ್ಧ ಮುಚ್ಚಿತ್ತು, ತುಟಿ ಅಲುಗದು. ನರ್ಸಮ್ಮ ಅಂದರು, “ನಿದ್ದೆ ಔಷಧಿ ಕಡಿಮೆ ಮಾಡಿದ್ದೀವಿ ಅಜ್ಜಿ. ಮಾತಾಡಿಸಿ, ಅವಳಿಗೆ ಕೇಳ್ಸುತ್ತೆ.”

ಏನು ಮಾತಾಡಲಿ? ಬಾಯಿಗೆ ಬಂದದ್ದು ಅವಳು ದಿನಾ ಹಟ ಹಿಡಿದು ಹೇಳಿಸಿಕೊಳ್ಳುವ ಯೋಸೇಫನ ಕಥೆ. ಅಪ್ಪ ಬಣ್ಣದ ಅಂಗಿ ಹೊಲಿಸಿಕೊಟ್ಟ ಅಂದೆ. ಅಣ್ಣಂದಿರಿಗೆ ಹೊಟ್ಟೆಕಿಚ್ಚು ಬಂತು ಅಂದೆ. ಕ್ಷೇಮ ವಿಚಾರಿಸಲು ಬಂದ ಹುಡುಗನ ಅಂಗಿ ಕಿತ್ತುಕೊಂಡು ನೀರಿಲ್ಲದ ಹಾಳುಬಾವಿಗೆ ಎತ್ತಿ ಹಾಕಿದರು ಅಂದೆ. ಅಲ್ಲಿಗೆ ಕಥೆ ನಿಂತುಹೋಯಿತು. ತಪ್ಪಿಲ್ಲದ ಮಗು, ಕತ್ತಲು ಬಾವಿ, ಮೇಲೆ ಕೂತು ರೊಟ್ಟಿ ತಿನ್ನುವ ಅಣ್ಣಂದಿರು. ಮುಂದಿನದು ನನಗೆ ಗೊತ್ತಿತ್ತು. ಆದರೂ ಹೇಳಲಾಗಲಿಲ್ಲ. ಹೂಂ ಅನ್ನುವವರೂ ಇರಲಿಲ್ಲ. ಮಂಚದ ಕಂಬಿ ಹಿಡಿದುಕೊಂಡೆ.

ಆಗ ಹನ್ನಾಳ ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು, ಕೆಳಗೆ ಬಂತು.

ನಾನು ಕಣ್ಣೊರೆಸಿಕೊಂಡು ಬಗ್ಗಿ ನೋಡಿದೆ. “ಅನ್ನಾ, ಊಂ ಅಂದ್ಯೇನೆ?”

ಮತ್ತೆ ಮೇಲೆ, ಕೆಳಗೆ.

“ನರ್ಸಮ್ಮಾ, ಮಗು ಊಂ ಅಂತಾ ಅದೆ!”

“ಲೈಟ್ ನೋಡ್ತಿರಬೇಕು ಅಜ್ಜಿ.”

“ಲೈಟಲ್ಲ ಕಣವ್ವ, ನಿಂತ್ಕ, ನೋಡು.” ಒಂಟೆ ಸಾಲು ಹೊಡೆದುಕೊಂಡು ವ್ಯಾಪಾರಿಗಳು ಆ ದಾರಿಯಲ್ಲಿ ಬಂದರು ಅಂದೆ. ಕಣ್ಣು ಮೇಲೆ ಹೋಯಿತು. ಬಾವಿಯಿಂದ ಎಳೆದು ಅವರಿಗೆ ಮಾರಿದರು ಅಂದೆ. ಮೇಲೆ. ಐಗುಪ್ತ ದೇಶಕ್ಕೆ ಹೋದ, ಅಲ್ಲೂ ಮಾಡದ ತಪ್ಪಿಗೆ ಜೈಲು ಸೇರಿದ. ಮೇಲೆ. ನರ್ಸಮ್ಮ ಕೈಲಿದ್ದ ಟ್ರೇ ಕೆಳಗಿಟ್ಟು ಡಾಕ್ಟರನ್ನು ಕೂಗಿದರು. ಡಾಕ್ಟರು ಓಡಿಬಂದು, “ಹನ್ನಾ, ಹೌದು ಅಂದ್ರೆ ಮೇಲೆ ನೋಡು. ಬೆನ್ನು ನೋಯ್ತಿದ್ಯಾ?” ಅಂದರು. ಮೇಲೆ. ನಾಲ್ಕು ಜನ ಸೇರಿ ನಿಧಾನವಾಗಿ ಪಕ್ಕಕ್ಕೆ ತಿರುಗಿಸಿದರು. ಎಷ್ಟು ದಿನದಿಂದ ಆ ನೋವನ್ನು ಒಬ್ಬಳೇ ನುಂಗಿಕೊಂಡು ಮಲಗಿತ್ತೋ ನನ್ನ ಬಂಗಾರ!

ಯೋಸೇಫನು ಬಾವಿಯಲ್ಲಿ ಕೂತಿದ್ದಾಗ ಮುಂದಿನ ಕಥೆ ಅವನಿಗೆ ಗೊತ್ತಿರಲಿಲ್ಲ. ಹನ್ನಾಳಿಗೂ ಅವಳ ಕಥೆ ಗೊತ್ತಿರಲಿಲ್ಲ. ಆದರೂ ಮುಂದಕ್ಕೆ ಹೇಳು ಅಂದಳು. ನಾನು ಮಗುವಿಗೆ ಧೈರ್ಯ ಹೇಳಲು ಹೋದವಳು, ಮಗುವೇ ನನ್ನನ್ನು ಕೈಹಿಡಿದು ದಾಟಿಸಿತು. ಹೊರಗೆ ಬಂದು ಶಾಂತಿಯನ್ನು ತಬ್ಬಿಕೊಂಡೆ. “ಊಂ ಅಂದ್ಲು ಕಣೇ” ಅನ್ನುವುದು ಬಿಟ್ಟು ಬೇರೆ ಮಾತು ಬರಲಿಲ್ಲ.

ಆಮೇಲಿನದು ನಿಧಾನ, ಆದರೆ ಎಲ್ಲ ಮೇಲ್ಮುಖ. ಮೊದಲು ತುಟಿ ಅಲುಗಿತು, ಆಮೇಲೆ ಕೈಬೆರಳು, ಕಾಲಬೆರಳು. ಕೊಳವೆ ತೆಗೆದ ದಿನ ಒಡಕು ದನಿಯಲ್ಲಿ ನೀರು ಕೇಳಿದಳು. ಆ ಒಡಕು ದನಿಯ ಮುಂದೆ ಯಾವ ಸಂಗೀತ! ಮನೆಗೆ ಬಂದ ಮೇಲೆ ಯಜಮಾನರು ಹಿತ್ತಲಲ್ಲಿ ಎರಡು ಬಿದಿರ ಗಳ ಕಟ್ಟಿ ನಡುವೆ ಅವಳನ್ನು ನಿಲ್ಲಿಸಿ, “ಬಾರ್ಲಾ ಮಗ, ಬಾ, ತಾತನ್ ಮೂಗ್ ಮುಟ್ಟು” ಅನ್ನುವರು. ಅವಳು ಒಂದು ಹೆಜ್ಜೆ ಇಟ್ಟರೆ ಇವರು ಒಂದು ಹೆಜ್ಜೆ ಹಿಂದೆ ಸರಿಯುವರು. “ಮೋಸ ತಾತ!” ಅಂತ ಕಿರುಚುವಳು. ಹಾಗೆ ಮೋಸ ಮಾಡಿ ಮಾಡಿಯೇ ನಡೆಸಿಬಿಟ್ಟರು.

ಸುಗ್ಗಿಯ ಸ್ತೋತ್ರದ ಭಾನುವಾರ ಎಲ್ಲರೂ ಬೆಳೆದದ್ದನ್ನು ದೇವಾಲಯಕ್ಕೆ ತರುತ್ತಾರಲ್ಲ, ಅವತ್ತು ಹನ್ನಾ ಸಣ್ಣ ಕುಕ್ಕೆಯಲ್ಲಿ ಆಲೂಗಡ್ಡೆ ಹೊತ್ತು, ಯಾರ ಕೈಯನ್ನೂ ಹಿಡಿಯದೆ ಬಾಗಿಲಿನಿಂದ ಮುಂದಿನ ಮೇಜಿನವರೆಗೆ ನಡೆದಳು. ಸಭೆಗೆ ಸಭೆಯೇ ಎದ್ದು ನಿಂತಿತು. ದೇವರ ಉಪಕಾರಕ್ಕೆ ನಾನು ಸಾಕ್ಷಿ ಹೇಳಿದೆ. ಸ್ವಾಮಿ ಈ ಮುದುಕಿಯ ಮೊರೆ ಕೇಳಿದ ಅಂದೆ. ಫೋನು ಮಾಡಿದ್ದ ಆ ಅಕ್ಕ ಬಂದು ನನ್ನ ಕೈ ಹಿಡಿದುಕೊಂಡು ಅತ್ತರು. “ನನ್ ನಾಲ್ಗೆ ಸುಟ್ಟೋಗ್ಲಿ ಸಾರಮ್ಮ.” “ಸುಡದ್ ಬ್ಯಾಡ ಕಣಕ್ಕ, ನಾಳೆ ಪ್ರಾರ್ಥ್ನೆಗೆ ಬೇಕಾಯ್ತದೆ” ಅಂದೆ. ಇಬ್ಬರೂ ನಕ್ಕೆವು.

ಸಾಕ್ಷಿಯೇನೋ ಹೇಳಿದೆ. ಆದರೆ ಹೇಳುವಾಗಲೇ ಗೌರಮ್ಮನ ಮುಖ ಕಣ್ಣ ಮುಂದಿತ್ತು. ಅವರನ್ನು ನೋಡಬೇಕು ಅಂದರೆ ಯಜಮಾನರು ಒಪ್ಪಲಿಲ್ಲ. “ಉಳ್ದಿರೋ ಕೂಸ್ನ ಕರ್ಕಂಡು ಕಳ್ಕಂಡೋರ ಮನೆಗೆ ಓಗ್ತಾರೇನೆ? ಗಾಯಕ್ಕೆ ಉಪ್ಪಾಕ್ದಂಗೆ.” ಅವರ ಮಾತಿನಲ್ಲೂ ನಿಜವಿತ್ತು. ಬಹಳ ದಿನ ತಡೆದೆ. ಕೊನೆಗೆ ಹೋದ ತಿಂಗಳು ನಾನು, ಶಾಂತಿ, ಹನ್ನಾ ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಹರದನಹಳ್ಳಿಯಲ್ಲಿ ಇಳಿದೆವು. ಅವರಿಬ್ಬರನ್ನೂ ಬಸ್ಸು ನಿಲ್ಲುವ ಕಡೆ ಕೂರಿಸಿ ನಾನೊಬ್ಬಳೇ ಮನೆ ಕೇಳಿಕೊಂಡು ಹೋದೆ.

ಗೌರಮ್ಮ ಕೊಟ್ಟಿಗೆಯ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಸೊರಗಿಹೋಗಿದ್ದರು. ನನ್ನನ್ನು ನೋಡಿ ಕೈಯಲ್ಲಿದ್ದ ಹುಲ್ಲನ್ನು ಹಾಗೇ ಬಿಟ್ಟರು. ನನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ಬೀದಿ ನೋಡಿದರು. ಯಾರೂ ಇರಲಿಲ್ಲ. ಅವರ ಮುಖ ಬಿಳಿಚಿಕೊಂಡಿತು.

“ಕೂಸು?” ಅಂದರು.

“ಅವ್ಳೆ ಕಣಕ್ಕ. ನಡೀತಾಳೆ. ಬಸ್ ಸ್ಟಾಂಡಲ್ಲಿ ಕೂರ್ಸಿವ್ನಿ. ಇಲ್ಲಿಗೆ ತರಕೆ…”

“ಅಲ್ಲ ಕಣೇ ಸಾರಕ್ಕ, ನಿಂಗ್ ಬುದ್ಧಿ ಅದ್ಯಾ? ನಡಿಯೋ ಕೂಸ್ನ ಬೀದೀಲಿ ಕೂರ್ಸಿ, ನನ್ ಜೀವ ಬಾಯಿಗ್ ತಂದ್ಯಲ್ಲೇ! ಓಗು, ಕರ್ಕಂಬಾ. ಯಾಕಿಷ್ಟು ದಿನ ಬರ್ಲಿಲ್ಲ? ನಾನು ದಿನಾ ಬೆಳಿಗ್ಗೆ ಎದ್ದು ಯಾರ್ಗೋಸ್ಕರ ಕೈ ಮುಗೀತಿದ್ದೆ ಅನ್ಕಂಡೆ?”

ಅವರು ಸೆರಗಿನಿಂದ ಬಾಯಿ ಒತ್ತಿಕೊಂಡು ಹೇಳಿದರು.

“ಅವತ್ತು ವ್ಯಾನಲ್ಲಿ ಮನೂನ ಮಡ್ಲಾಗಾಕ್ಕಂಡು ಓಗ್ತಿದ್ನಲ್ಲ, ನಮ್ ಮನೆದೇವ್ರು ರಂಗನಾಥನ್ನ ಬೈದೆ ಕಣಕ್ಕ. ಬಾಯಿಗ್ ಬಂದಂಗ್ ಬೈದೆ. ಬೈದು ಬೈದು ಸಾಕಾಯ್ತು. ಆಮ್ಯಾಕೆ ಅಂದೆ, ನನ್ ಕೂಸ್ನಂತೂ ತಕಂಡೆ, ಆ ಸಾರಕ್ಕನ ಕೂಸು ಒಳಗೆ ಒಂದೇ ಮಲ್ಗದೆ, ಅದನ್ನಾದ್ರೂ ಬುಡಪ್ಪ. ಆ ಬಾಗ್ಲಲ್ಲಿ ಇಬ್ರು ಅಜ್ಜೀರು ಬರಿಗೈಲಿ ಓಗದ್ ಬ್ಯಾಡ. ಒಬ್ಳಾದ್ರೂ ಕೂಸ್ನ ಎತ್ಕಂಡು ಓಗ್ಲಿ.”

ಅವರು ವ್ಯಾನಿನಲ್ಲಿ ಹೋದದ್ದು ಆ ಬೆಳಿಗ್ಗೆ. ಹನ್ನಾ ಕಣ್ಣೆತ್ತಿ ಹೂಂ ಅಂದದ್ದು ಅದೇ ಮಧ್ಯಾಹ್ನ. ನನ್ನ ನಾಲಿಗೆ ಸತ್ತುಬಿದ್ದಿದ್ದ ಹೊತ್ತಿನಲ್ಲಿ, ಮೊಮ್ಮಗನ ಹೆಣ ಮಡಿಲಲ್ಲಿ ಇಟ್ಟುಕೊಂಡ ಅಜ್ಜಿ ನನ್ನ ಮಗುವಿಗಾಗಿ ಬೇಡುತ್ತಿದ್ದರು. ಅವರು ಕರೆದ ಹೆಸರು ಬೇರೆ. ಕೇಳಿಸಿಕೊಂಡವನು ಯಾರೆಂದು ನನ್ನ ಎದೆಗೆ ಗೊತ್ತು. ಕೊಟ್ಟಿಗೆಯ ಮುಂದೆ ಅವರ ಕಾಲು ಹಿಡಿಯಲು ಬಗ್ಗಿದೆ. “ಥೂ, ಸಗಣಿ ಅದೆ, ಏಳು ಮ್ಯಾಕೆ” ಅಂತ ಎಬ್ಬಿಸಿದರು.

ಹನ್ನಾ ಬಂದಳು. ಗೌರಮ್ಮ ಅವಳನ್ನು ಮುಟ್ಟಿ ಮುಟ್ಟಿ ನೋಡಿದರು. ಮಂಡಿ ಮಡಚಿಸಿದರು, ಬೆರಳು ಎಣಿಸಿದರು. ಒಳಮನೆಯಲ್ಲಿ ಲತಾ ಇದ್ದಳು. ಚನ್ನರಾಯಪಟ್ಟಣದಿಂದ ತವರಿಗೆ ಬಂದು ಎಷ್ಟೋ ದಿನವಾಗಿತ್ತಂತೆ, ಯಾರೊಡನೆಯೂ ಮಾತಿಲ್ಲವಂತೆ. ಹನ್ನಾಳ ಹೆಜ್ಜೆ ಇನ್ನೂ ಒಂದಿಷ್ಟು ಎಳೆಯುತ್ತದೆ. ಅವಳು ಹೊಸಿಲು ದಾಟುವುದನ್ನು ಲತಾ ನೋಡಿದಳು. “ಕಾಲು ನೋಯ್ತದಾ ಮರಿ?” ಅಂದಳು. “ಬಸ್ಸಲ್ಲಿ ಕೂತ್ರೆ ನೋಯ್ತದೆ” ಅಂತು ಮಗು. ಲತಾ ಎದ್ದು ಹರಳೆಣ್ಣೆ ಬಿಸಿಮಾಡಿ ತಂದು, ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಾ ಕೂತಳು. ಅವಳ ಕಣ್ಣಿನಿಂದ ನೀರು ಸುರಿಯುತ್ತಲೇ ಇತ್ತು. ಅವಳು ಅತ್ತದ್ದು ಅದೇ ಮೊದಲಂತೆ. ಗೌರಮ್ಮ ಬಾಗಿಲಲ್ಲಿ ನಿಂತು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ವಾಪಸು ಬರುವ ಬಸ್ಸಿನಲ್ಲಿ ಯೋಬನ ಕೊನೆಯ ಭಾಗವನ್ನು ಓದು ಅಂತ ಶಾಂತಿಗೆ ಹೇಳಿದೆ. ಮೊಬೈಲಿನಲ್ಲಿ ಹುಡುಕಿ ಓದಿದಳು. ತನ್ನನ್ನು ನೋಯಿಸಿದ ಸ್ನೇಹಿತರಿಗಾಗಿ ಯೋಬನೇ ಪ್ರಾರ್ಥನೆ ಮಾಡಿದನಂತೆ. ನಾನು ಕೇಳಿದೆ, “ಆಗ ಅವನ್ಗೆ ಎಲ್ಲ ವಾಪಸ್ ಬಂದಿತ್ತಾ?” ಅವಳು ಮತ್ತೊಮ್ಮೆ ಓದಿ, “ಇಲ್ಲ ಅತ್ತೆ. ಇನ್ನೂ ಏನೂ ಬಂದಿರ್ಲಿಲ್ಲ” ಅಂದಳು. ಇಷ್ಟು ವರ್ಷ ಆ ಕಥೆ ಹೇಳಿದರೂ ನಾನು ಈ ಜಾಗವನ್ನು ಹಾರಿಸಿಕೊಂಡೇ ಹೋಗುತ್ತಿದ್ದೆ. ಕುರಿ ಒಂಟೆ ಎರಡರಷ್ಟಾದದ್ದನ್ನು ಹೇಳುವ ಅವಸರ ನನಗೆ.

ಮನು ಯಾಕೆ ಹೋದ, ಹನ್ನಾ ಯಾಕೆ ಉಳಿದಳು, ನನಗೆ ತಿಳಿಯದು. ಯಾರಾದರೂ ತಿಳಿದಿದೆ ಅಂದರೆ ನಾನು ಈಗ ನಂಬುವುದಿಲ್ಲ. ಆದರೆ ದೇವರು ನ್ಯಾಯವಂತ ಅಂತ ಮೊದಲಿಗಿಂತ ಗಟ್ಟಿಯಾಗಿ ನಂಬುತ್ತೇನೆ. ಅಷ್ಟು ಸುಟ್ಟ ಎದೆಯಿಂದ ಇನ್ನೊಬ್ಬರ ಮಗುವಿಗಾಗಿ ಮೊರೆ ಏಳಿಸಿದವನು ಮನುವನ್ನು ಮರೆತಿರಲಾರ. ಏನೂ ತಪ್ಪು ಮಾಡದ ತನ್ನ ಮಗನು ಶಿಲುಬೆಯ ಮೇಲೆ ಕೂಗಿದ್ದನ್ನು ಕೇಳಿದ ತಂದೆ ಅವನು. ಮಕ್ಕಳ ಲೆಕ್ಕ ಅವನ ಹತ್ತಿರ ಇದೆ.

ಸುಗ್ಗಿಯ ಭಾನುವಾರ ನಾನು ಹೇಳಿದ ಸಾಕ್ಷಿಯನ್ನು ತಿದ್ದಿಕೊಳ್ಳುವುದಕ್ಕೇ ಇಷ್ಟು ಬರೆದೆ. ಈ ಮುದುಕಿಯ ಮೊರೆ ಕೇಳಿದ ಅಂದಿದ್ದೆ. ನನ್ನದೊಂದೇ ಅಲ್ಲ. ಹರದನಹಳ್ಳಿಯ ಗೌರಮ್ಮನದನ್ನೂ ಕೇಳಿದ. ಅಂಗಳದಲ್ಲಿ ಹನ್ನಾ ಕುಂಟೆಬಿಲ್ಲೆ ಆಡುತ್ತಿದ್ದಾಳೆ, ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಿದ್ದಾಳೆ, ಸೋತು ಜಗಳವಾಡುತ್ತಿದ್ದಾಳೆ. ಸಂತೋಷ ನನ್ನ ಎದೆಯಲ್ಲಿ ಹಿಡಿಸುತ್ತಿಲ್ಲ. ಅವಳಿಗಾಗಿ ಮೊಣಕಾಲೂರಿದ ನಿಮಗೆಲ್ಲ ಕೈ ಮುಗಿಯುತ್ತೇನೆ. ಆ ಮೊಣಕಾಲುಗಳನ್ನು ಇನ್ನೊಂದಿಷ್ಟು ದಿನ ನೆಲದಿಂದ ಎತ್ತಬೇಡಿ. ಹನ್ನಾಳ ಹೆಸರು ಹೇಳುತ್ತಿದ್ದ ಕಡೆ ಇನ್ನು ಮೇಲೆ ಲತಾಳ ಹೆಸರು ಹೇಳಿ.